ಮಿಕ್ಸಿ ಸದ್ದಿಗೆ ಅಳು, ಸಂಜೆಯಾದರೆ ಮಾತು ಬಂದ್: ಇದು ಖಿನ್ನತೆಯಾ, ಆಟಿಸಂ ಬರ್ನ್‌ಔಟಾ?

ಪ್ರಶ್ನೆ: ನನಗೆ 36 ವರ್ಷ. ತವರು ಚಿತ್ರದುರ್ಗ, ಮದುವೆಯಾಗಿ ಬಂದಿದ್ದು ದಾವಣಗೆರೆಗೆ. ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಮಗನಿಗೆ ಆಟಿಸಂ ಇದೆ. ಅವನನ್ನು ತೋರಿಸಲು ಹೋದಾಗ ಡಾಕ್ಟರ್ ಕೇಳಿದ ಪ್ರಶ್ನೆಗಳೆಲ್ಲ ನನ್ನ ಬಗ್ಗೆಯೇ ಕೇಳಿದ ಹಾಗಿತ್ತು. ಆಮೇಲೆ ಬೆಂಗಳೂರಿನಲ್ಲಿ ನನ್ನನ್ನೂ ಪರೀಕ್ಷಿಸಿ, ನನಗೂ ಆಟಿಸಂ ಇದೆ ಎಂದರು. ಅದಾಗಿ ಎರಡು ವರ್ಷ. ಮೊದಲು ನನಗೆ ಒಳಗಿನ ಕೋಣೆಯಲ್ಲಿ ಲೆಕ್ಕ ತಾಳೆ ನೋಡುವ ಕೆಲಸವಿತ್ತು. ಕಳೆದ ವರ್ಷ ಕೌಂಟರಿಗೆ ಹಾಕಿದರು. ಏಳೆಂಟು ತಿಂಗಳಿಂದ ಸಂಜೆ ಮನೆಗೆ ಬಂದರೆ ಬಾಯಿಂದ ಮಾತೇ ಹೊರಡುವುದಿಲ್ಲ. ಮಿಕ್ಸಿ ಹಾಕಿದರೆ, ಕುಕ್ಕರ್ ಕೂಗಿದರೆ ಅಳು ಬರುತ್ತದೆ. ಒಗ್ಗರಣೆಗೆ ಇಟ್ಟು, ಮುಂದೇನು ಮಾಡಬೇಕು ಅಂತ ಗೊತ್ತಾಗದೆ ನಿಂತುಬಿಡುತ್ತೇನೆ. ಪಿ.ಬಿ. ರಸ್ತೆಯಲ್ಲಿ ಸ್ಕೂಟಿ ಓಡಿಸಲು ಕೈ ನಡುಗುತ್ತದೆ. ಡಾಕ್ಟರು ಖಿನ್ನತೆ ಎಂದು ಮಾತ್ರೆ ಕೊಟ್ಟರು. ನಿದ್ದೆ ಬರುತ್ತಿದೆ, ಉಳಿದಿದ್ದು ಹಾಗೇ ಇದೆ. ‘ಹೊರಗೆ ಹೋಗಿ, ನಾಲ್ಕು ಜನರ ಜೊತೆ ಬೆರೆಯಿರಿ’ ಎಂದರು. ಬೆರೆತರೆ ಮರುದಿನ ಏಳಲಿಕ್ಕೇ ಆಗುವುದಿಲ್ಲ. ಚುಕ್ಕಿ ರಂಗೋಲಿ ಪುಸ್ತಕ ಹಿಡಿದು ಒಬ್ಬಳೇ ಕೂತರೆ ಮಾತ್ರ ಹಾಯೆನಿಸುತ್ತದೆ. ಅತ್ತೆ ‘ಇಷ್ಟು ವರ್ಷ ಇಲ್ಲದ್ದು ಈಗೆಲ್ಲಿಂದ ಬಂತು? ಹೆಸರಿಟ್ಟ ಮೇಲೆ ಜಾಸ್ತಿ ಆಯ್ತು’ ಅಂತಾರೆ. ಕೆಲವು ದಿನ ಬೆಳಿಗ್ಗೆ ಎಚ್ಚರವೇ ಆಗದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಇದು ಯಾವ ಕಾಯಿಲೆ? ವಾಸಿಯಾಗುತ್ತಾ? ಕೆಲಸ ಬಿಡಲಾ? ಆಫೀಸಿನಲ್ಲಿ ಹೇಳಲಾ?

ಉತ್ತರ: ನಿಮ್ಮ ನಾಲ್ಕು ಪ್ರಶ್ನೆಗಳಿಗೆ ಬರುವ ಮೊದಲು, ಎಚ್ಚರವೇ ಆಗದಿದ್ದರೆ ಚೆನ್ನಾಗಿತ್ತು ಎಂದಿದ್ದೀರಲ್ಲ, ಆ ಮಾತು. ಅದನ್ನು ನಿಮ್ಮ ಗಂಡನಿಗೆ ಮತ್ತು ಡಾಕ್ಟರಿಗೆ ಈ ವಾರವೇ ತಿಳಿಸಿ. ಬಾಯಲ್ಲಿ ಹೇಳಲಾಗದಿದ್ದರೆ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಸುಸ್ತಾದ ಮನಸ್ಸು ಹೀಗೆ ಯೋಚಿಸುವುದು ಅಪರೂಪವಲ್ಲ. ಆದರೆ ಆಟಿಸಂ ಇರುವ ದೊಡ್ಡವರಲ್ಲಿ ಆತ್ಮಹತ್ಯೆಯ ಅಪಾಯ ಬೇರೆಯವರಿಗಿಂತ ಜಾಸ್ತಿ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಹಾಗಾಗಿ ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆ ಯೋಚನೆ ಗಟ್ಟಿಯಾದರೆ, ಹೇಗೆ, ಯಾವಾಗ ಅಂತ ಮನಸ್ಸು ಲೆಕ್ಕ ಹಾಕತೊಡಗಿದರೆ ತಡಮಾಡಬೇಡಿ. ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ. ಫೋನಿನಲ್ಲಿ ಮಾತಾಡುವುದೇ ಕಷ್ಟವಾದರೆ ಗಂಡನ ಕೈಲಿ ಮಾಡಿಸಿ, ಇಲ್ಲವೇ ನೇರ ಆಸ್ಪತ್ರೆಗೆ ಹೋಗಿ.

ಇನ್ನು ನಿಮ್ಮ ಅತ್ತೆಯವರ ಪ್ರಶ್ನೆ. ಅವರು ಕೊಂಕಿನಿಂದ ಕೇಳಿದರೋ ಕಾಳಜಿಯಿಂದ ಕೇಳಿದರೋ ಗೊತ್ತಿಲ್ಲ. ಪ್ರಶ್ನೆ ಮಾತ್ರ ಒಳ್ಳೆಯದು. ಆಟಿಸಂ ಅಂದರೆ ಜನರ ಜೊತೆ ಬೆರೆಯುವ, ಸದ್ದು-ಬೆಳಕು ಗ್ರಹಿಸುವ ರೀತಿಯೇ ಬೇರೆಯಾಗಿರುವುದು, ಅದು ಹುಟ್ಟಿನಿಂದ ಬರುವಂಥದ್ದು. 36ನೇ ವಯಸ್ಸಿನಲ್ಲಿ ಹೇಗೆ ಎದ್ದು ಕೂತಿತು?

ಆಟಿಸಂ ಗುರುತಿಸಲು ನಾವು ಬಳಸುವ ಡಿಎಸ್‌ಎಂ-5 ಕೈಪಿಡಿ 2013ರಲ್ಲಿ ಬಂತು. ಅದರಲ್ಲೇ ಇದಕ್ಕೆ ಉತ್ತರವಿದೆ. ಲಕ್ಷಣಗಳು ಚಿಕ್ಕಂದಿನಿಂದ ಇರಬೇಕು, ನಿಜ. ಆದರೆ ಜನರ ಜೊತೆಗಿನ ವ್ಯವಹಾರದ ಹೊರೆ ಆ ವ್ಯಕ್ತಿಯ ಶಕ್ತಿ ಮೀರುವವರೆಗೆ ಅವು ಪೂರ್ತಿ ಕಾಣದೇ ಇರಬಹುದು, ಕಲಿತ ಉಪಾಯಗಳ ಹಿಂದೆ ಅಡಗಿಯೂ ಇರಬಹುದು ಎಂದು ಅಲ್ಲಿ ಬರೆದಿದೆ. ಸದ್ದು, ಬೆಳಕು, ಸ್ಪರ್ಶ ವಿಪರೀತ ಕಾಡುವುದನ್ನೂ ಅದೇ ಕೈಪಿಡಿ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಅಂದರೆ ಮಿಕ್ಸಿ ಸದ್ದಿಗೆ ನೀವು ಅಳುವುದು ನಾಟಕವೂ ಅಲ್ಲ, ಎಳಸುತನವೂ ಅಲ್ಲ.

ನಿಮ್ಮ ಹೊರೆ ಯಾವಾಗ ಮೀರಿತು ಎಂದು ಪತ್ರದಲ್ಲೇ ಕಾಣುತ್ತದೆ. ಲೆಕ್ಕ ತಾಳೆ ನೋಡುವಾಗ ಒಂದು ಸಲಕ್ಕೆ ಒಂದೇ ಕೆಲಸ. ತಪ್ಪಿದ್ದರೆ ಅದು ಅಂಕಿಯಲ್ಲಿರುತ್ತದೆ, ಹುಡುಕಿದರೆ ಸಿಗುತ್ತದೆ. ಕೌಂಟರಿನಲ್ಲಿ ಹಾಗಲ್ಲ. ಎದುರಿಗಿರುವವರು ಕೇಳುವುದು ಒಂದು, ಮನಸ್ಸಿನಲ್ಲಿರುವುದು ಇನ್ನೊಂದು. ಅವರ ಹಿಂದಿನವರು ‘ಮೇಡಂ, ಬರೀ ಒಂದು ಸೈನು’ ಅಂತ ಪಕ್ಕದಿಂದ ಕೈ ತೂರಿಸುತ್ತಾರೆ. ನೋಟು ಎಣಿಸುವ ಮೆಷಿನ್ ಗರ್ರೆನ್ನುತ್ತದೆ, ಫೋನ್ ಹೊಡೆಯುತ್ತದೆ. ತಿಂಗಳ ಮೊದಲ ವಾರ ಪಿಂಚಣಿಯವರು, ಮಾರ್ಚ್ ಬಂದರೆ ಕೇಳಲೇಬೇಡಿ. ಇದೆಲ್ಲದರ ನಡುವೆ ನಗುಮುಖ ಇರಬೇಕು. ಅಲ್ಲಿಂದ ಮನೆಗೆ ಬಂದರೆ ಮಗನ ಥೆರಪಿ, ಹೋಂವರ್ಕ್, ಅಡುಗೆ, ಬಂದವರಿಗೆ ಚಹಾ. ಒಂದೊಂದನ್ನೇ ನೋಡಿದರೆ ಯಾವುದೂ ದೊಡ್ಡದಲ್ಲ. ಎರಡರ ನಡುವೆ ಉಸಿರು ಬಿಡಲು ಜಾಗವಿಲ್ಲ, ಅದೇ ತೊಂದರೆ.

ಇದರ ಮೇಲೆ ಇನ್ನೊಂದು ಕೆಲಸ ಇದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆಟಿಸಂ ಇರುವ ಅನೇಕರು, ಅದರಲ್ಲೂ ಹೆಣ್ಣುಮಕ್ಕಳು, ಬೇರೆಯವರ ಹಾಗೆ ಕಾಣುವುದನ್ನು ಚಿಕ್ಕಂದಿನಲ್ಲೇ ಕಲಿತುಬಿಡುತ್ತಾರೆ. ಮಾತಾಡುವಾಗ ಎಷ್ಟು ಹೊತ್ತು ಕಣ್ಣು ನೋಡಬೇಕು, ಎಲ್ಲಿ ನಗಬೇಕು, ‘ಆರಾಮಾ? ಊಟ ಆಯ್ತಾ?’ ಅಂತ ಯಾರಿಗೆ ಕೇಳಬೇಕು, ಎಲ್ಲವನ್ನೂ ಗಮನಿಸಿ ಬಾಯಿಪಾಠ ಮಾಡಿರುತ್ತಾರೆ. ನಮ್ಮ ಕಡೆ ಹೆಣ್ಣುಮಕ್ಕಳನ್ನು ‘ನಾಲ್ಕು ಜನ ಏನಂತಾರೆ’ ಎಂದು ಹೇಳಿಯೇ ಬೆಳೆಸುವುದರಿಂದ ಈ ಪಾಠ ಇನ್ನೂ ಬೇಗ ಆಗುತ್ತದೆ. ಬೇರೆಯವರಿಗೆ ತಾನಾಗಿಯೇ ಬರುವುದನ್ನು ನೀವು ದಿನವಿಡೀ ತಲೆ ಓಡಿಸಿ ಮಾಡುತ್ತಿದ್ದೀರಿ. ಇದನ್ನು ಮಾಸ್ಕಿಂಗ್ ಎನ್ನುತ್ತೇವೆ. ಹೀಗೆ ಮುಚ್ಚಿಟ್ಟುಕೊಳ್ಳುವುದು ಜಾಸ್ತಿ ಇರುವವರಲ್ಲಿ ಆತಂಕ, ಖಿನ್ನತೆ, ಸಾಯುವ ಯೋಚನೆ ಕೂಡ ಜಾಸ್ತಿ ಎಂದು ಬ್ರಿಟನ್ನಿನ ಅಧ್ಯಯನಗಳು ಕಂಡುಕೊಂಡಿವೆ.

ಹೊರೆ ಮತ್ತು ಮಾಸ್ಕಿಂಗ್ ಎರಡೂ ಸೇರಿ, ತಿಂಗಳುಗಟ್ಟಲೆ ಸುಧಾರಿಸಿಕೊಳ್ಳಲು ಬಿಡುವೇ ಸಿಗದಿದ್ದರೆ ಬರುವ ಸ್ಥಿತಿಯೇ ಆಟಿಸಂ ಬರ್ನ್‌ಔಟ್. ಡಾಕ್ಟರುಗಳಿಗಿಂತ ಮೊದಲು ಆಟಿಸಂ ಇರುವವರೇ ಇದರ ಬಗ್ಗೆ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಿದ್ದರು. 2020ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಡೋರಾ ರೇಮೇಕರ್ ಮತ್ತು ಜೊತೆಗಾರರು ಅವರ ಮಾತುಗಳನ್ನೇ ಕಲೆಹಾಕಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಮೂರು ಗುರುತು ಹೇಳಿದ್ದಾರೆ: ಬಿಡದೆ ಕಾಡುವ ಸುಸ್ತು, ಮೊದಲು ಬರುತ್ತಿದ್ದ ಕೆಲಸಗಳು ಬಾರದಾಗುವುದು, ಸದ್ದು-ಬೆಳಕು ತಡೆದುಕೊಳ್ಳುವ ಶಕ್ತಿ ಕುಗ್ಗುವುದು. ಸಾಮಾನ್ಯವಾಗಿ ಮೂರು ತಿಂಗಳು ಅಥವಾ ಇನ್ನೂ ಹೆಚ್ಚು ಕಾಲ. ನಿಮ್ಮ ಪತ್ರದಲ್ಲಿ ಮೂರೂ ಇವೆ.

ಹಾಗಾದರೆ ನಿಮ್ಮ ಡಾಕ್ಟರು ಯಾಕೆ ಹೇಳಲಿಲ್ಲ? ಇದು ಡಿಎಸ್‌ಎಂ-5ರಲ್ಲಾಗಲಿ, ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11ರಲ್ಲಾಗಲಿ ಒಂದು ರೋಗವೆಂದು ಸೇರಿಲ್ಲ. ಐಸಿಡಿ-11ರಲ್ಲಿ ಬರ್ನ್‌ಔಟ್ ಅನ್ನುವುದಿದೆ. ಆದರೆ ಅದು ಬರೀ ನೌಕರಿಗೆ ಸಂಬಂಧಿಸಿದ್ದು, ಅದನ್ನೂ ಕಾಯಿಲೆ ಎಂದು ಕರೆದಿಲ್ಲ. ನಿಮಗಾಗಿರುವುದಕ್ಕೆ ನೌಕರಿ ಎಷ್ಟು ಕಾರಣವೋ ಮನೆಯೂ ಅಷ್ಟೇ ಕಾರಣ. ನಿಮ್ಮ ಡಾಕ್ಟರು ಚೀಟಿಯಲ್ಲಿ ಬರೆಯಬಹುದಾದ ಹೆಸರುಗಳಲ್ಲಿ ಹತ್ತಿರದ್ದು ಖಿನ್ನತೆ. ಅದನ್ನು ಬರೆದಿದ್ದಾರೆ. ಬೈದುಕೊಳ್ಳುವಂಥದ್ದೇನೂ ಇಲ್ಲ.

ಖಿನ್ನತೆಗೂ ಇದಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ? ನಾನು ಮೊದಲು ನೋಡುವುದು ಆಸೆ ಉಳಿದಿದೆಯಾ ಎಂದು. ಖಿನ್ನತೆಯಲ್ಲಿ ಇಷ್ಟದ ವಸ್ತುವೂ ರುಚಿ ಕಳೆದುಕೊಳ್ಳುತ್ತದೆ. ರಂಗೋಲಿ ಪುಸ್ತಕ ಮುಂದಿಟ್ಟರೂ ‘ಯಾಕೆ ಬೇಕು’ ಅನ್ನಿಸುತ್ತದೆ. ನಿಮಗೆ ಆಸೆ ಇದೆ, ಶಕ್ತಿ ಇಲ್ಲ. ಒಬ್ಬರೇ ಕೂತು ಚುಕ್ಕಿ ಸೇರಿಸುವಾಗ ಹಗುರಾಗುತ್ತೀರಿ, ಜನರ ನಡುವೆ ಹೋದರೆ ಕುಸಿಯುತ್ತೀರಿ. ಇದು ಬರ್ನ್‌ಔಟ್ ಕಡೆಗೆ ಬೊಟ್ಟು ಮಾಡುತ್ತದೆ. ಖಿನ್ನತೆಗೆ ‘ಹೊರಗೆ ಓಡಾಡಿ, ಏನಾದರೂ ಮಾಡುತ್ತಿರಿ’ ಅನ್ನುವುದು ಒಳ್ಳೆಯ ಚಿಕಿತ್ಸೆ. ಬರ್ನ್‌ಔಟ್ ಇದ್ದಾಗ ಅದೇ ಸಲಹೆ ತಿರುಗುಬಾಣವಾಗಬಹುದು. ಬೋರ್‌ವೆಲ್‌ನಲ್ಲಿ ನೀರು ಇಳಿದಾಗ ಮೋಟಾರನ್ನು ಇನ್ನಷ್ಟು ಹೊತ್ತು ಓಡಿಸಿದರೆ ನೀರು ಬರುವುದಿಲ್ಲ, ಮೋಟಾರು ಸುಡುತ್ತದೆ. ನಿಲ್ಲಿಸಿದರೆ ಒಳಗೆ ನೀರು ಊರುತ್ತದೆ. ಚಿತ್ರದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಎರಡೂ ಒಟ್ಟಿಗೇ ಇರಬಹುದು. ಬೆಳಿಗ್ಗೆಯ ಆ ಯೋಚನೆ ನೋಡಿದರೆ ನಿಮ್ಮಲ್ಲಿ ಸ್ವಲ್ಪ ಖಿನ್ನತೆಯೂ ಬೆರೆತಿರಬಹುದು ಎಂದೇ ನನ್ನ ಅನುಮಾನ. ಹಾಗಾಗಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಖಿನ್ನತೆಯ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ತಲೆಸುತ್ತು, ಮೈಯಲ್ಲಿ ಕರೆಂಟ್ ಹೊಡೆದ ಹಾಗೆ ಆಗುವುದು, ಚಡಪಡಿಕೆ ಎಲ್ಲ ಬರಬಹುದು. ಆಟಿಸಂಗಾಗಲಿ ಈ ಬರ್ನ್‌ಔಟ್‌ಗಾಗಲಿ ಪ್ರತ್ಯೇಕ ಮಾತ್ರೆ ಇಲ್ಲ. ಇದೆ ಎಂದು ಯಾರಾದರೂ ಸ್ಟೆಮ್ ಸೆಲ್, ವಿಶೇಷ ಪೌಡರು ಅಂತ ಮಾರಲು ಬಂದರೆ, ನಿಮಗಾಗಲಿ ಮಗನಿಗಾಗಲಿ, ದುಡ್ಡು ಕೊಡಬೇಡಿ.

ಕೆಲವು ರಕ್ತಪರೀಕ್ಷೆಗಳನ್ನೂ ಮಾಡಿಸಿ: ಥೈರಾಯ್ಡ್, ಹಿಮೋಗ್ಲೋಬಿನ್, ಕಬ್ಬಿಣದ ಅಂಶ, ಬಿ12, ಶುಗರ್. ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಹಾಕಿ, ಕಡಿಮೆ ಥೈರಾಯ್ಡನ್ನು ವರ್ಷಗಟ್ಟಲೆ ಹೊತ್ತು ತಿರುಗಿದವರನ್ನು ನೋಡಿದ್ದೇನೆ. ಇನ್ನೊಂದು ಎಚ್ಚರಿಕೆ. ಸಂಜೆ ಮಾತು ನಿಂತು ಬೆಳಿಗ್ಗೆ ಬರುವುದು ಬೇರೆ. ಮಾತು ಪೂರ್ತಿ ನಿಂತು, ಕೂತಲ್ಲೇ ಗಂಟೆಗಟ್ಟಲೆ ಅಲ್ಲಾಡದೆ ಕೂರುವುದು, ಊಟ-ನೀರು ಬಿಡುವುದು ಬೇರೆ. ಎರಡನೆಯದು ಕ್ಯಾಟಟೋನಿಯಾ ಇರಬಹುದು. ಆಟಿಸಂ ಇರುವವರಲ್ಲಿ ಅದು ಬರುವುದುಂಟು, ಚಿಕಿತ್ಸೆಯೂ ಚೆನ್ನಾಗಿದೆ. ಆದರೆ ಕಾಯುತ್ತಾ ಕೂರುವಂತಿಲ್ಲ. ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಅದು ಪಾರ್ಶ್ವವಾಯು. ಆಗ ಆಟಿಸಂ ಗೀಟಿಸಂ ಅಂತ ಯೋಚಿಸದೆ ಆಸ್ಪತ್ರೆಗೆ ಓಡಿ.

ಹೆಸರಿಟ್ಟ ಮೇಲೆ ಜಾಸ್ತಿ ಆಯ್ತು ಅನ್ನುವ ಮಾತಿನಲ್ಲೂ ಸ್ವಲ್ಪ ನಿಜವಿದೆ. ತನಗೆ ಆಟಿಸಂ ಇದೆ ಎಂದು ಗೊತ್ತಾದ ಮೇಲೆ ಕೆಲವರು ನಟಿಸುವುದನ್ನು ಸ್ವಲ್ಪ ಬಿಡುತ್ತಾರೆ. ಮನೆಯವರಿಗೆ ಅದು ಹೊಸದಾಗಿ ಕಾಣುತ್ತದೆ. ಸದ್ದಿನ ಬಗ್ಗೆ ‘ಕೇಳಿ ಕೇಳಿ ರೂಢಿಯಾಗುತ್ತೆ ಬಿಡು’ ಎಂದು ಬಹಳ ಜನ ಹೇಳುತ್ತಾರೆ. ಆಗುವುದಿಲ್ಲ. ಹಲ್ಲು ಕಚ್ಚಿ ತಡೆದುಕೊಳ್ಳುವುದು ರೂಢಿಯಾಗಬಹುದು, ಅದರ ಫಲವನ್ನೇ ನೀವು ಈಗ ನೋಡುತ್ತಿರುವುದು. ಸೋಮಾರಿತನ, ದೃಷ್ಟಿ ಅನ್ನುವವರೂ ಇರುತ್ತಾರೆ. ದೃಷ್ಟಿ ತೆಗೆಯುವುದರಿಂದ ಅತ್ತೆಗೆ ಸಮಾಧಾನ ಸಿಗುವುದಾದರೆ ತೆಗೆಯಲಿ. ಐದು ನಿಮಿಷದ ಕೆಲಸ.

ಈಗ ಮಾಡಬೇಕಾದ್ದು. ಬರೀ ರಜೆ ಹಾಕಿ ಮಲಗಿದರೆ ಇದು ಪೂರ್ತಿ ಹೋಗುವುದಿಲ್ಲ. ರಜೆ ಮುಗಿಸಿ ಅದೇ ಕೌಂಟರ್, ಅದೇ ಮನೆ, ಅದೇ ನಗುಮುಖಕ್ಕೆ ವಾಪಸ್ ಹೋದರೆ ಕೆಲವು ವಾರದಲ್ಲಿ ಮತ್ತೆ ಅಲ್ಲಿಗೇ ಬರುತ್ತೀರಿ. ಕಡಿಮೆಯಾಗಬೇಕಿರುವುದು ಸದ್ದು, ನಟನೆ, ಒಂದೇ ಸಲಕ್ಕೆ ಬರುವ ಹತ್ತು ಬೇಡಿಕೆ. ಶುರು ಮನೆಯಿಂದಾಗಲಿ, ಯಾಕೆಂದರೆ ಅಲ್ಲಿ ಯಾರ ಮಂಜೂರಾತಿಯೂ ಬೇಕಿಲ್ಲ. (ಬೇಕು ಅನ್ನುತ್ತೀರಾ? ಗಂಡ ಒಪ್ಪಿದರೆ ಅರ್ಧ ದಾರಿ ಸಾಗಿತು.)

ಕೆಲಸದಿಂದ ಬಂದ ಮೇಲೆ ಮುಕ್ಕಾಲು ಗಂಟೆ ನಿಮ್ಮನ್ನು ಯಾರೂ ಮಾತಾಡಿಸಬಾರದು. ಒಂದು ಕೋಣೆ, ಮಂದ ಬೆಳಕು, ಮೈಗೆ ಹಿತವಾದ ಹಳೆ ಕಾಟನ್ ಬಟ್ಟೆ. ಅಲ್ಲಿ ತೂಗಾಡಬೇಕು, ಬೆರಳು ಆಡಿಸಬೇಕು ಅನ್ನಿಸಿದರೆ ಆಡಿಸಿ. ಅದನ್ನು ತಡೆಯಲೂ ಶಕ್ತಿ ಖರ್ಚಾಗುತ್ತದೆ. ವಾರಕ್ಕೆ ಬೇಕಾದ ಮಸಾಲೆ, ಚಟ್ನಿಪುಡಿ, ದೋಸೆ ಹಿಟ್ಟನ್ನು ನೀವು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಬೇರೆಯವರು ರುಬ್ಬಿ ಫ್ರಿಜ್‌ನಲ್ಲಿಡಲಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಅಗ್ಗದ್ದು, ಕುಕ್ಕರ್‌ಗೂ ಸಾಕು, ಬಸ್ಸಿಗೂ ಸಾಕು. ಇಡೀ ದಿನ ಮಾತ್ರ ಹಾಕಿಕೊಂಡಿರಬೇಡಿ, ಕಿವಿ ಇನ್ನೂ ಸೂಕ್ಷ್ಮವಾಗುವ ಸಾಧ್ಯತೆ ಇದೆ. ದಿನಾ ಅದೇ ಅನ್ನ-ಮೊಸರು ಸೇರುತ್ತದೆ ಎಂದರೆ ಸದ್ಯಕ್ಕೆ ಅದನ್ನೇ ತಿನ್ನಿ. ಮಾತು ಹೊರಡದಾಗ ಒಂದೇ ಮನೆಯಲ್ಲಿದ್ದರೂ ಗಂಡನಿಗೆ ಮೆಸೇಜ್ ಮಾಡಿ. ‘ಮುಂದೇನು’ ಅಂತ ಒಲೆ ಮುಂದೆ ನಿಲ್ಲುವ ದಿನಗಳಿಗಾಗಿ ಅಡುಗೆಯ ಹಂತಗಳನ್ನು ಬರೆದು ಗೋಡೆಗೆ ಅಂಟಿಸಿ. ಅದೂ ಆಗದ ದಿನ ಒಲೆ ಹಚ್ಚಲೇಬೇಡಿ.

ಮದುವೆ-ಮುಂಜಿಗಳ ವಿಷಯದಲ್ಲಿ ನನ್ನ ಸಲಹೆ ಸ್ವಲ್ಪ ಒರಟು. ಸಂಜೆಯ ರಿಸೆಪ್ಷನ್‌ಗೆ ಹೋಗಬೇಡಿ. ಆರ್ಕೆಸ್ಟ್ರಾ, ಲೈಟು, ಫೋಟೋ ಸಾಲು, ಅಲ್ಲಿ ನಿಮಗೆ ಬೇಕಾದ್ದು ಏನೂ ಇಲ್ಲ. ಬೆಳಿಗ್ಗೆ ಹೋಗಿ ಅಕ್ಷತೆ ಹಾಕಿ ಬಂದುಬಿಡಿ. ಊಟ ಮಾಡದೆ ಹೋದಳು ಅಂತ ಮಾತು ಬರುತ್ತದೆ. ಬರಲಿ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ದಾವಣಗೆರೆಯ ಮನೆ ಮನೆಯಲ್ಲೂ ನೆಂಟರು ತುಂಬುತ್ತಾರೆ. ಆ ದಿನಗಳಲ್ಲಿ ನೀವು ಚಿತ್ರದುರ್ಗದ ತವರಿನಲ್ಲಿದ್ದರೆ ಆಕಾಶ ಕಳಚಿ ಬೀಳುವುದಿಲ್ಲ.

ರಂಗೋಲಿಗೆ ದಿನಾ ಸಮಯ ಇಡಿ. ಕೆಲಸವೆಲ್ಲ ಮುಗಿದು ಉಳಿದರೆ ಅಂತಲ್ಲ, ಮಾತ್ರೆಯ ಹಾಗೆ. ಯೋಗ ಕೆಲವರಿಗೆ ಹಿಡಿಸುತ್ತದೆ. ಮೂವತ್ತು ಜನರ ಹಾಲ್‌ನಲ್ಲಿ ಮೈಕ್ ಹಿಡಿದು ಹೇಳಿಕೊಡುವ ಯೋಗ ನಿಮಗಲ್ಲ. ನಡೆಯಬೇಕು ಅನ್ನಿಸಿದರೆ ಕುಂದವಾಡ ಕೆರೆ ಕಡೆ ಬೆಳಗಿನ ಜಾವ ಹೋಗಿ, ಭಾನುವಾರ ಬೇಡ. ಸ್ವಲ್ಪ ಚೇತರಿಸಿಕೊಂಡ ದಿನ ಒಂದು ವಾರದ ಬಾಕಿ ಕೆಲಸವನ್ನೆಲ್ಲ ಮೈಮೇಲೆ ಹಾಕಿಕೊಳ್ಳುವ ಚಟ ಎಲ್ಲರಿಗೂ ಇರುತ್ತದೆ. ನಾನು ನೋಡುವವರಲ್ಲಿ ಜನ ಮತ್ತೆ ಬೀಳುವುದು ಹೆಚ್ಚಾಗಿ ಅಂಥ ದಿನದ ಮರುದಿನ.

ಮಗನ ವಿಷಯ. ಅವನು ಕೂಗಾಡಿದರೆ ನಿಮಗೆ ತಡೆಯಲಾಗುವುದಿಲ್ಲ, ನೀವು ಬಾಗಿಲು ಹಾಕಿಕೊಂಡರೆ ಅವನಿಗೆ ಗಾಬರಿ. ಇಬ್ಬರಿಗೂ ಆಟಿಸಂ ಇರುವ ಮನೆಗಳಲ್ಲಿ ಇದು ಸಾಮಾನ್ಯ, ತಾಯ್ತನದ ಕೊರತೆ ಅಂದುಕೊಳ್ಳಬೇಡಿ. ಕೆಲವು ತಿಂಗಳು ಥೆರಪಿಗೆ ಕರೆದೊಯ್ಯುವ ಕೆಲಸ ಅವನ ಅಪ್ಪನದಾಗಲಿ. ದಾವಣಗೆರೆಯಲ್ಲೇ ಅಂಗವಿಕಲರಿಗಾಗಿ ಕೇಂದ್ರ ಸರ್ಕಾರ ನಡೆಸುವ ಸಂಯೋಜಿತ ಪ್ರಾದೇಶಿಕ ಕೇಂದ್ರ, ಅಂದರೆ ಸಿಆರ್‌ಸಿ ಇದೆ. ಮಗನಿಗೆ ಅಲ್ಲಿ ಏನು ಸೇವೆ ಸಿಗುತ್ತದೆ ಎಂದು ಅಪ್ಪನೇ ಹೋಗಿ ವಿಚಾರಿಸಿ ಬರಲಿ.

ಕೆಲಸ ಬಿಡಲಾ? ಈಗಲೇ ಬೇಡ. ಇಷ್ಟು ಸುಸ್ತಾದಾಗ ವಾಪಸ್ ಪಡೆಯಲಾಗದ ತೀರ್ಮಾನ ಮಾಡಬಾರದು. ಇನ್ನೊಂದು ಕಾರಣವೂ ಇದೆ. ಕೆಲಸ ಬಿಟ್ಟ ಸೊಸೆ ‘ಮನೆಯಲ್ಲೇ ಇದ್ದಾಳಲ್ಲ’ ಅಂತಾಗುತ್ತಾಳೆ. ಕೌಂಟರಿನ ಹೊರೆ ಇಳಿದು ಮನೆಯ ಹೊರೆ ಇಮ್ಮಡಿಯಾಗುತ್ತದೆ, ಸಂಬಳವೂ ಇರುವುದಿಲ್ಲ. ಮೊದಲು ಕೆಲವು ವಾರ ವೈದ್ಯಕೀಯ ರಜೆ, ಆ ಹೊತ್ತಿನಲ್ಲಿ ಹಳೆಯ ಕೆಲಸಕ್ಕೆ ವಾಪಸ್ ಹಾಕಿಸಿಕೊಳ್ಳುವ ಪ್ರಯತ್ನ. ಅದಾಗದಿದ್ದರೆ ಅರ್ಧ ದಿನ ಕೌಂಟರ್, ಅರ್ಧ ದಿನ ಒಳಗೆ. ಇದ್ಯಾವುದಕ್ಕೂ ಅವರು ಬಗ್ಗದಿದ್ದರೆ, ಮನೆಯ ಕೆಲಸ ಹೇಗೆ ಹಂಚಿಕೊಳ್ಳುತ್ತೀರಿ ಎಂದು ಮೊದಲೇ ಮಾತಾಡಿಕೊಂಡು, ಆಮೇಲೆ ರಾಜೀನಾಮೆಯ ಯೋಚನೆ. ಆಗ ಬಿಟ್ಟರೆ ಅದು ಸೋಲಲ್ಲ. ಆರೋಗ್ಯ ಪೂರ್ತಿ ಹಾಳಾಗುವ ತನಕ ಅಂಟಿಕೊಂಡು ಕೂತವರನ್ನೂ ಕಂಡಿದ್ದೇನೆ, ಅವರು ಚೇತರಿಸಿಕೊಳ್ಳಲು ತುಂಬಾ ಕಾಲ ಹಿಡಿಯಿತು.

ಆಫೀಸಿನಲ್ಲಿ ಹೇಳುವ ಬಗ್ಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧದ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಸರ್ಕಾರಿ ಸಂಸ್ಥೆಗಳು ಅಂಥ ನೌಕರರಿಗೆ ಬೇಕಾದ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕು. ಖಾಸಗಿ ಸಂಸ್ಥೆಗಳೂ ಸೇರಿ ಎಲ್ಲರೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ನಿಮ್ಮ ಸಹಕಾರಿ ಬ್ಯಾಂಕಿಗೆ ಯಾವ ನಿಯಮ ಎಷ್ಟು ಅನ್ವಯಿಸುತ್ತದೆ ಎಂಬುದನ್ನು ಒಬ್ಬ ವಕೀಲರ ಹತ್ತಿರ ಕೇಳಿಕೊಳ್ಳಿ. ಕಾನೂನಿನ ಬಲ ಬೇಕೆಂದರೆ ಅಂಗವಿಕಲರ ಪ್ರಮಾಣಪತ್ರ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬೇಕಾಗಬಹುದು. ಮೀಸಲಾತಿಯಂಥ ಸೌಲಭ್ಯಗಳಿಗೆ ಅಂಗವೈಕಲ್ಯ ಕನಿಷ್ಠ ಶೇ 40 ಇರಬೇಕೆಂಬ ಮಿತಿ ಇದೆ. ನಿಮ್ಮ ಹಾಗೆ ಮುಚ್ಚಿಟ್ಟುಕೊಳ್ಳಲು ಕಲಿತವರಿಗೆ ತಪಾಸಣೆಯಲ್ಲಿ ಅಂಕ ಕಡಿಮೆ ಬರುವ ಸಾಧ್ಯತೆ ಇದೆ. ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ.

ಕಾನೂನು ಒಂದು ಕಡೆ, ಊರು ಒಂದು ಕಡೆ. ನಮ್ಮ ಊರಿನ ಆಫೀಸುಗಳಲ್ಲಿ ಬೆಳಿಗ್ಗೆ ಹೇಳಿದ್ದು ಸಂಜೆಗೆ ಎಲ್ಲರಿಗೂ ಗೊತ್ತಿರುತ್ತದೆ. ಆಟಿಸಂ ಎಂದರೆ ಚಿಕ್ಕ ಮಕ್ಕಳ ಕಾಯಿಲೆ, ಬುದ್ಧಿ ಬೆಳೆಯದಿರುವುದು ಎಂದುಕೊಂಡವರೇ ಜಾಸ್ತಿ. ‘ಕ್ಯಾಶ್ ಇವರ ಕೈಲಿ ಕೊಡಬಹುದಾ’ ಅನ್ನುವ ಪಿಸುಮಾತು, ಬಡ್ತಿಗೆ ಅಡ್ಡಿ, ಎರಡೂ ಆಗಬಹುದು. ಆದ್ದರಿಂದ ಮೊದಲು ಹೆಸರು ಹೇಳಬೇಡಿ, ಬೇಕಾದ್ದನ್ನು ಹೇಳಿ. ಮ್ಯಾನೇಜರಿಗೆ ಒಂದು ಪತ್ರ ಸಾಕು: ‘ವೈದ್ಯಕೀಯ ಕಾರಣದಿಂದ ನನಗೆ ಸತತ ಸದ್ದು, ಜನದಟ್ಟಣೆ ಸಹಿಸಲಾಗುತ್ತಿಲ್ಲ. ಲೆಕ್ಕ ತಾಳೆ ಕೆಲಸವನ್ನು ಹಲವು ವರ್ಷ ಸಮರ್ಪಕವಾಗಿ ಮಾಡಿದ್ದೇನೆ. ಆರು ತಿಂಗಳ ಮಟ್ಟಿಗೆ ಅದೇ ವಿಭಾಗಕ್ಕೆ ನಿಯೋಜಿಸಬೇಕೆಂದು ಕೋರುತ್ತೇನೆ.’ ಜೊತೆಗೆ ಡಾಕ್ಟರ ಚೀಟಿ. ಅರ್ಜಿಯ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಇದಕ್ಕೆ ಒಪ್ಪದಿದ್ದರೆ ಮಾತ್ರ ಆಟಿಸಂ ಎಂಬುದನ್ನು, ಲಿಖಿತವಾಗಿ, ಅಧಿಕಾರ ಇರುವ ಒಬ್ಬರಿಗೆ ತಿಳಿಸಿ. ಹೇಳದೇ ಇರುವುದಕ್ಕೂ ಬೆಲೆ ಇದೆ. ಯಾರಿಗೂ ಗೊತ್ತಿಲ್ಲದಿದ್ದರೆ ನಟನೆ ಮುಂದುವರಿಯುತ್ತದೆ. ನಂಬಿಕೆಯ ಒಬ್ಬ ಸಹೋದ್ಯೋಗಿಗಾದರೂ ಗೊತ್ತಿದ್ದರೆ ಒಳ್ಳೆಯದು.

ವಾಸಿಯಾಗುತ್ತಾ ಎಂದು ಕೇಳಿದ್ದೀರಿ. ಹೊರೆ ನಿಜವಾಗಿ ಇಳಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ವಾರಗಳಲ್ಲಲ್ಲ, ತಿಂಗಳುಗಳಲ್ಲಿ. ಎರಡು ಒಳ್ಳೆಯ ವಾರ, ನಡುವೆ ಒಂದು ಕೆಟ್ಟ ವಾರ, ಹೀಗೇ ಸಾಗುತ್ತದೆ. ಕಳೆದುಹೋದ ಕೆಲಸಗಳು ಸಾಮಾನ್ಯವಾಗಿ ವಾಪಸ್ ಬರುತ್ತವೆ. ಸದ್ದು ತಡೆದುಕೊಳ್ಳುವ ಶಕ್ತಿ ಕೆಲವರಿಗೆ ಮೊದಲಿನಷ್ಟು ಬರುವುದಿಲ್ಲ, ಅದನ್ನು ಮುಚ್ಚಿಟ್ಟು ಹೇಳಲಾರೆ. ಹಳೆಯ ‘ಎಲ್ಲದಕ್ಕೂ ಸೈ’ ಅನ್ನುತ್ತಿದ್ದ ನಿಮ್ಮನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಆ ಓಟವೇ ನಿಮ್ಮನ್ನು ಇಲ್ಲಿಗೆ ತಂದಿದ್ದು. ಸ್ಕೂಟಿಯನ್ನು ಸದ್ಯ ಮುಟ್ಟಬೇಡಿ. ಕೈ ನಡುಗುವುದು ನಿಂತ ಮೇಲೆ, ವಾಹನ ಕಡಿಮೆ ಇರುವ ಬಡಾವಣೆಯ ಒಳರಸ್ತೆಗಳಲ್ಲಿ ಬೆಳಿಗ್ಗೆ ಶುರು ಮಾಡಿ. ಪಿ.ಬಿ. ರಸ್ತೆ ಕೊನೆಗೆ.

ಡಾಕ್ಟರನ್ನು ಬದಲಾಯಿಸುವ ಅಗತ್ಯ ಈಗ ನನಗೆ ಕಾಣುವುದಿಲ್ಲ. ಅವರ ಹತ್ತಿರವೇ ಹೋಗಿ. ಹೋಗುವ ಮೊದಲು ಒಂದು ಪುಟದಲ್ಲಿ ಬರೆದುಕೊಳ್ಳಿ: ಆಟಿಸಂ ಎಂದು ಗುರುತಿಸಿದ ವರದಿ, ಯಾವ ತಿಂಗಳಿಂದ ಏನೇನು ಕಷ್ಟವಾಗಿದೆ, ಯಾವುದರಿಂದ ಜಾಸ್ತಿ, ಯಾವುದರಿಂದ ಕಡಿಮೆ, ಬೆಳಗಿನ ಆ ಯೋಚನೆ. ಇದು ಬರ್ನ್‌ಔಟ್ ಇರಬಹುದಾ ಎಂದು ನೇರವಾಗಿ ಕೇಳಿ. ಅವರು ತಳ್ಳಿಹಾಕಿದರೆ ಬೆಂಗಳೂರಿನಲ್ಲಿ ನಿಮ್ಮನ್ನು ಪರೀಕ್ಷಿಸಿದವರಿಗೆ ಅಥವಾ ನಿಮ್ಹಾನ್ಸ್‌ಗೆ ಬರೆದುಕೊಡಿ ಎಂದು ಕೇಳುವುದು ತಪ್ಪಲ್ಲ. ದುಡ್ಡಿನ ತೊಂದರೆ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಆಗ ಹೊರಗೆ ಕಾಯುವವರ ಗದ್ದಲ ಕಡಿಮೆ. ಗಂಡನನ್ನು ಜೊತೆಗೆ ಕರೆದುಕೊಂಡು ಹೋಗಿ. ಒಳಗೆ ಹೋದ ಮೇಲೆ ಮಾತು ಹೊರಡದಿದ್ದರೆ ಆ ಪುಟವನ್ನು ಮೇಜಿನ ಮೇಲಿಡಿ, ಅವರು ಓದಿಕೊಳ್ಳುತ್ತಾರೆ.